ಬಾತಿಗೆ ಹಾಕದ ನುಗ್ಗಿ ತಪ್ಪಲ

ನಾ ಹುಟ್ಟಾ ಸಿಟ್ಟಿನಾಕಿ. ನನ್ನ ಸಿಟ್ಟು ಮೂಗಿನ ತುದೀಗೇ ಕೂತಿರ್ತದ ಅಂತ ನಮ್ಮವ್ವ ಬಂದವರ ಮುಂದೆಲ್ಲಾ ಹೇಳ್ತಿದ್ಲು. ಈಗ ವಯಸ್ಸಾಗ್ಯದ, ಸಿಟ್ಟು ಮೂಗು ಬಿಟ್ಟು ಮೊಣಕಾಲಿಗೆ ಇಳದದ. ಆದ್ರ ಇಪ್ಪತ್ತರ ವಯಸ್ಸಿನಾಗ ಆ ಸಿಟ್ಟಿನ ಕೈಯಾಗ ಸಿಕ್ಕು ನಾ ಒಂದು ಕೆಲಸ ಮಾಡೇನಿ. ಅದರಿಂದ ಏಳು ಬಾತುಕೋಳಿ ಸತ್ತೂವು. ಅವುಗಳ ಜೋಡಿ ಒಬ್ಬ ಹೆಣ್ಣುಮಗಳ ಕೈಗುಣಾನೂ ಹೋತು. ಇದನ್ನ ನಾ ಯಾರ ಮುಂದೂ ಹೇಳಿಲ್ಲ, ನಮ್ಮನಿಯವರ ಮುಂದೂ ಹೇಳಿಲ್ಲ.

ನನ್ನ ತವರಮನಿ ಇಂಡಿ ತಾಲೂಕಿನ ಸಾಲೋಟಗಿ. ಕೊಟ್ಟಿದ್ದು ಮುದ್ದೇಬಿಹಾಳಕ್ಕ. ದೊಡ್ಡ ಬರ ಮುಗದು ಮಂದಿ ಮಾರಿ ಮ್ಯಾಲೆ ಜರಾ ಕಳೆ ಬಂದಿದ್ದ ಕಾಲ ಅದು. ನಮ್ಮನಿಯವರು ದನದ ದವಾಖಾನ್ಯಾಗ ಕಂಪೌಂಡರ್ ಇದ್ರು. ತಾಯಿ ಇಲ್ಲ, ತಂದಿ ಇಲ್ಲ. "ಅತ್ತಿ ಇಲ್ಲದ ಮನಿ, ಪುಣ್ಯಾ ಮಾಡೀದಿ ಬಿಡು" ಅಂದ್ರು ನಮ್ಮ ಓಣಿ ಹೆಣ್ಣುಮಕ್ಕಳು. ಅತ್ತಿ ಇರಲಿಲ್ಲ ಖರೇ, ಅತ್ಯಾ ಇದ್ರಲ್ಲ!

ಅತ್ಯಾ ಅಂದ್ರ ನಮ್ಮನಿಯವರ ತಂದಿಯ ಅಕ್ಕ. ಒಂಬತ್ತಕ್ಕ ಮದಿವಿ, ಹನ್ನೊಂದಕ್ಕ ಕುಂಕುಮ ಹೋತು. ಅವತ್ತಿನಿಂದ ತಲಿ ಬೋಳು, ಮೈಮ್ಯಾಲೆ ಕೆಂಪು ಸೀರಿ, ಹುಟ್ಟಿದ ಮನೀನೇ ಗತಿ. ತಮ್ಮನ ಮಗನ್ನ ಎದಿಗವಚಿ ಬೆಳೆಸಿದಾಕಿ ಅವರೇ. ನಾ ಬಂದಾಗ ಅರವತ್ತರ ಹತ್ರ ಇದ್ರು. ಸಣ್ಣ ಆಳು, ಗಟ್ಟಿ ದನಿ, ಕಡಕ್ ಮಡಿ. ಒಲಿ ಅವರದು, ದೇವರ ಮನಿ ಅವರದು. ನಂದು ಏನಿದ್ರೂ ಹೊರಗಿನ ಕಸಾ ಮುಸುರಿ. ಮನ್ಯಾಗ ಕನ್ನಡ, ಸಿಟ್ಟು ಬಂದ್ರ ಮರಾಠಿ. ಅವರ ಮರಾಠಿ ಕೇಳಿದ್ರ ನಮ್ಮನಿಯವರು ಚಪ್ಪಲಿ ಮೆಟ್ಟಿಕೊಂಡು ಹೊರಗ ನಡೀತಿದ್ರು.

ಓಣ್ಯಾಗ ಅತ್ಯಾನ ಕೈಗುಣ ದೊಡ್ಡದು ಅಂತ ಹೆಸರಿತ್ತು. ಕೂಸಿಗೆ ಹೊಟ್ಟಿನೋವು, ಕೆಮ್ಮು, ಹಾಲು ಕಕ್ಕೂದು, ಏನಾದ್ರೂ ಹಿತ್ತಲ ಬಾಗಲಕ್ಕ ಬಂದು ನಿಲ್ಲೂದೇ. ಅತ್ಯಾ ಬಜಿ ಬೇರು ತೇಯ್ದು, ಅಜವಾನ ಹುರದು, ಒಂದು ಬಟ್ಟು ನಾಲಿಗಿಗೆ ಇಟ್ರ ಕೂಸು ತಣ್ಣಗಾಗೂದು. ಇದೇ ಹೆಣ್ಣುಮಕ್ಕಳು ಶುಭಕಾರ್ಯಕ್ಕ ಹೊಂಟಾಗ ಅತ್ಯಾ ಎದುರಿಗೆ ಬಂದ್ರ ಒಳಗ ಹೋಗಿ, ನೀರು ಕುಡದು, ಮತ್ತ ಹೊರಗ ಬರ್ತಿದ್ರು. ಮಾರಿ ನೋಡಿದ್ರ ಅಪಶಕುನ, ಕೈ ಮುಟ್ಟಿದ್ರ ಔಷಧ! ಎಂಥಾ ಮಂದಿ ನೋಡ್ರಿ. ನನಗ ಮೈ ಉರೀತಿತ್ತು. ಅತ್ಯಾ ಮಾತ್ರ, "ಇರಲಿ ಬಿಡವಾ, ಕೈಯರ ಬೇಕಲ್ಲ ಅವರಿಗೆ" ಅಂತಿದ್ರು.

ಆ ಚೈತ್ರದಾಗ ತಂಗಡಗಿ ಅಂಬಿಗರಿಗೆ ಕೊಡ್ಲಿಕ್ಕೆ ಅಂತ ಸರಕಾರದಿಂದ ಬಾತುಕೋಳಿ ಬಂದೂವು. ಕೃಷ್ಣಾ ಹೊಳಿ ದಂಡೀ ಊರು, ನೀರಿಗೇನು ಬರಾ, ಮೀನಿನ ಜೋಡಿ ಇವನ್ನೂ ಸಾಕ್ಕೊಂಡು ಬದುಕಲಿ ಅಂತ. ಲಾರ್‍ಯಾಗ ಬಿಸಲಿಗೆ ಬೆಂದು ಬಂದ ಎಳೇ ಬಾತು. ಗಟ್ಟಿ ಇದ್ದೂವನ್ನ ಅಂಬಿಗರು ಆರಿಸ್ಕೊಂಡು ಹೋದ್ರು. ಕುತಗಿ ಜೋತುಬಿದ್ದ ಏಳು ಉಳದೂವು. ಬಿಸಾಕ್ಲಿಕ್ಕೆ ಮನಸು ಬರಲಾರದ ನಮ್ಮನಿಯವರು ಬುಟ್ಟ್ಯಾಗ ಹಾಕ್ಕೊಂಡು ಮನಿಗೆ ತಂದ್ರು.

"ಅಯ್ಯ ನಿನ್ನ! ಮಡೀ ಮನ್ಯಾಗ ಇದೇನು ತಂದ್ಯೋ! ಹೊರಗಿಡು, ಹೊರಗಿಡು!" ಅತ್ಯಾನ ದನಿ ನಾಕು ಮನಿಗೆ ಕೇಳಿತು.

"ಸಾಯೂ ಜೀವಾರಿ ಅತ್ಯಾ. ನೆರಳಾಗರ ಸಾಯಲಿ ಅಂತ ತಂದೆ."

ಬುಟ್ಟಿ ಹಿತ್ತಲಕ್ಕ ಹೋತು. ಬೈಕೋತ ಬೈಕೋತ ಅತ್ಯಾನೂ ಹಿಂದೇ ಹೋದ್ರು. ಒಂದು ಬಾತು ಕುತಗಿ ಎತ್ತಿ ಅವರನ್ನ ನೋಡ್ಲಿಕ್ಕೆ ಹೋತು, ಆಗಲಿಲ್ಲ, ಮತ್ತ ಕೆಳಗಿಟ್ಟಿತು. ಅತ್ಯಾ ಬೈಯೂದು ನಿಂತಿತು. ಒಳಗ ಬಂದು ಅಜವಾನದ ಡಬ್ಬಿ ಇಳಿಸಿದ್ರು.

ಅಲ್ಲಿಂದ ಶುರು ಆತು. ಜ್ವಾಳದ ನುಚ್ಚು, ಗೋದಿ ತೌಡು ಕೂಡಿಸಿ ಮೆತ್ತಗ ಬೇಯಿಸೂದು. ಅದಕ್ಕ ಹುರದ ಅಜವಾನ, ಚಿಟಿಕಿ ಅರಿಷಿಣ, ಹೆಸರಿಗೆ ಇಂಗು. ಮ್ಯಾಲೆ ಒಂದು ಮುಷ್ಟಿ ನುಗ್ಗಿ ತಪ್ಪಲ, ಎಳೇ ಸೊಪ್ಪು, ಸಣ್ಣಗ ಹೆಚ್ಚಿ. ವಾರಕ್ಕ ಎರಡು ಸಲ ಕುಟ್ಟಿದ ಅಗಸಿ, ಒಂದು ಸಲ ಹುಳಕ್ಕ ಅಂತ ಬೇವಿನ ಕುಡಿ. ಹೊಲದ ಬದುವಿನ ಹಕ್ಕರಕಿ, ನೆಲನೆಲ್ಲಿ, ಸಿಕ್ಕಿದ್ದು ಸಿಕ್ಕಂಗ. ನಮ್ಮನಿಯವರು, "ಡಾಕ್ಟರ್ ಸಾಹೇಬ್ರು ಬಳ್ಳೊಳ್ಳಿ ಹಾಕಿದ್ರ ಚಲೋ ಅಂತಾರ" ಅಂದ್ರು. ಅತ್ಯಾ ದುರುಗುಟ್ಟಿ ನೋಡಿ, "ನಮ್ಮ ಮನಿ ಬಾತು ಬಳ್ಳೊಳ್ಳಿ ತಿನ್ನೂದಿಲ್ಲ ಅಂತ ಹೇಳು ನಿಮ್ಮ ಸಾಹೇಬ್ರಿಗೆ" ಅಂದ್ರು. ನಾ ನಕ್ಕು ನಕ್ಕು ಬಾವಿ ಕಟ್ಟಿ ಹಿಡಕೊಂಡೆ.

ಹೊತ್ತು ಹೊಂಟಕೂಡಲೇ ಒಂದು ಕಡ್ಡಿ ಹಿಡಕೊಂಡು ಬಾತಿನ ಹಿಕ್ಕಿ ನೋಡೂದು ಅವರ ಮೊದಲನೇ ಕೆಲಸ. ಹೊರಳಿಸಿ, ಬಾಗಿ, ಕಣ್ಣು ಸಣ್ಣ ಮಾಡಿ ನೋಡೂದು. "ಹೇಸಿಗಿ ಅಲ್ಲೇನ್ರಿ ಅತ್ಯಾ?" ಅಂದೆ ಒಂದಿನ. "ಹೇಸಿಗಿ ಹೆಂಗಾಗ್ತದ? ಬಾಯಿಲ್ಲದ ಪ್ರಾಣಿ, ಮತ್ತೆಲ್ಲಿಂದ ಮಾತಾಡಬೇಕು ಅದು? ಹಸರಿದ್ರ ತಪ್ಪಲ ಮೈಗೆ ಹತ್ತೇದ ಅಂತ ಅರ್ಥ. ಬೆಳ್ಳಗ ನೀರಾಗಿದ್ರ ಹೊಟ್ಟಿ ಕೆಟ್ಟದ ಅಂತ ಅರ್ಥ. ನೋಡಿ ಕಲಿ." ನಾ ಮೂಗು ಮುಚ್ಚಿಕೊಂಡು ಒಳಗ ಹೋದೆ. ಕಲಿಲಿಲ್ಲ.

ಹದಿನೈದು ದಿನದಾಗ ಏಳೂ ಎದ್ದು ಓಡ್ಯಾಡಿದೂವು. ಅತ್ಯಾ ಬಾವಿಗೆ ಹೋದ್ರ ಸಾಲಾಗಿ ಹಿಂದೆ, ತುಳಸೀ ಕಟ್ಟಿ ಸುತ್ತಿದ್ರ ಸಾಲಾಗಿ ಹಿಂದೆ. "ಮುಟ್ಟಬ್ಯಾಡ್ರೋ, ಮಡೀಲಿದ್ದೇನಿ, ಸರೀರೋ ಬಾಳಾ!" ಅಂತ ಇವರು ಓಡೂದು. ಆಟ ಅಂತ ತಿಳಕೊಂಡು ಅವು ಇನ್ನೂ ಜೋರ ಓಡಿ ಸೀರಿ ಸೆರಗಿಗೇ ಬರೂದು. ಮತ್ತ ಸ್ನಾನ. ದಿನಕ್ಕ ಮೂರು ಮೂರು ಸಲ ಸ್ನಾನ ಮಾಡಿದ್ದೂ ಅದ. ಬಚ್ಚಲ ಕುಣ್ಯಾಗ ಅವು ಹುಳ, ಕಪ್ಪಿಮರಿ ತಿನ್ನೂ ಹೊತ್ತಿಗೆ ಮಾತ್ರ ಅತ್ಯಾ ಆ ಕಡೆ ಮಾರಿ ತಿರುಗಿಸ್ತಿದ್ರು. "ಅದು ಅವುಗಳ ಧರ್ಮ. ನೋಡಿದ್ರ ನನ್ನ ಧರ್ಮ ಕೆಡ್ತದ. ನೋಡಲಿಲ್ಲಂದ್ರ ಇಬ್ಬರದೂ ಉಳೀತದ" ಅಂತಿದ್ರು.

ಆಷಾಢ ಬರೂದರಾಗ ತತ್ತಿ ಹಾಕ್ಲಿಕ್ಕೆ ಶುರು ಮಾಡಿದೂವು. ಅಯ್ಯೋ ದೇವರ! ಸೋವಳಿ ಮಡ್ಯಾಗ ಇರೂ ಅತ್ಯಾನ ಹಿತ್ತಲದಾಗ ತತ್ತಿ! ಮೊದಲನೇ ದಿನ ಅದರ ಮ್ಯಾಲೆ ಬುಟ್ಟಿ ಡಬ್ಬು ಹಾಕಿ, ಏನು ಮಾಡಬೇಕು ತಿಳೀಲಾರದ ಕೂತ್ರು. ಸಂತಿ ದಿನ ತಂಗಡಗಿಯಿಂದ ಮೀನು ಮಾರ್ಲಿಕ್ಕೆ ಬರೂ ಅಂಬಿಗರ ಹೆಣ್ಣುಮಗಳು ಒಬ್ಬಾಕಿ ಇದ್ಲು. ಅಕಿ ಮನ್ಯಾಗೂ ಸರಕಾರದ ಬಾತು ಇದ್ದೂವು. ನಮ್ಮನಿಯವರು ಅಕಿನ್ನ ಕರಕೊಂಡು ಬಂದ್ರು.

"ಯಪ್ಪಾ, ಎಷ್ಟು ದಪ್ಪ ತತ್ತಿ ಐತ್ರಿ ಬಾಯಾರ! ನಮ್ಮೂವು ಸೊರಗಿ ಕಡ್ಡಿ ಆಗ್ಯಾವು. ದೊಡ್ಡ ಬಾಯಾರು ಏನು ಹಾಕ್ತಾರ, ಜರಾ ಹೇಳ್ರಲಾ" ಅಂದ್ಲು ನನಗ.

ಅತ್ಯಾ ಬಾಗಲ ಒಳಗ ನಿಂತು, ಅಕಿ ಹೊರಗ ಕೂತು, ಒಂದು ತಾಸು ಪಾಠ ಆತು. ನುಗ್ಗಿ ಎಷ್ಟು, ಅಜವಾನ ಎಷ್ಟು, ಯಾವ ವಾರ ಬೇವು. ಹೋಗೂ ಮುಂದ ಅಕಿ, "ನನ್ನ ಕೋಳಿ ಕಾವಿಗೆ ಬಂದೈತ್ರಿ. ನಿಮ್ಮ ಹನ್ನೆರಡು ತತ್ತಿ ಅದರ ಬುಡಕ ಇಡ್ತೇನಿ. ಮರಿ ಆದ್ರ ಅರ್ಧ ನಿಮಗ ತರ್ತೇನಿ" ಅಂತ ಹೇಳಿದ್ಲು. ಬಾತಿನ ಮರಿ ಹೊರಗ ಬರ್ಲಿಕ್ಕೆ ಇಪ್ಪತ್ತೆಂಟು ದಿನ. ಅತ್ಯಾ ಮರುದಿನದಿಂದ ಹಿತ್ತಲ ಗ್ವಾಡಿ ಮ್ಯಾಲೆ ಇದ್ದಲಿಂದ ದಿನಕ್ಕೊಂದು ಗೆರಿ ಎಳೀಲಿಕ್ಕೆ ಹತ್ತಿದ್ರು. ಅವರು ಯಾವುದಕ್ಕರ ದಾರಿ ಕಾಯೂದನ್ನ ನಾ ನೋಡಿದ್ದು ಅದೇ ಮೊದಲು.

"ಮಳಿಗಾಲ ದಾಟಿದ್ರ ಬದುಕಿದಂಗರಿ ಅತ್ಯಾ. ಈ ಕರೀಮಣ್ಣಿನ ರಾಡ್ಯಾಗ ಬಾತು ಉಳಿಯೂದು ಕಷ್ಟ" ಅಂದ್ರು ನಮ್ಮನಿಯವರು.

"ದಾಟ್ತಾವ. ನನ್ನ ಮಾರಿ ಅಪಶಕುನ ಅಂತಾರ ಅಲ್ಲ, ಕೈ ಅಪಶಕುನ ಅಲ್ಲ ಅನ್ನೂದಕ್ಕ ಈ ಏಳು ಜೀವ ಸಾಕ್ಷಿ ಅವ" ಅಂದ್ರು ಅತ್ಯಾ. ನಗಲಿಲ್ಲ. ಅಷ್ಟು ಖರೇ ಮಾತು ಅದು ಅವರಿಗೆ.

ಆಷಾಢ ಏಕಾದಶಿ ಬಂತು. ಅಲ್ಲಿಂದ ಚಾತುರ್ಮಾಸ, ಅದರ ಮೊದಲನೇ ತಿಂಗಳು ಶಾಕವ್ರತ. ಕಾಯಿಪಲ್ಲೆ ಇಲ್ಲ, ತಪ್ಪಲ ಇಲ್ಲ, ಹಣ್ಣಿಲ್ಲ. ಅರಿಷಿಣ, ಅಜವಾನ ಸುದ್ದಾ ನಡಿಯೂದಿಲ್ಲ. ಬ್ಯಾಳಿ, ಮೆಣಸು, ಜೀರಿಗಿ ಇಷ್ಟರಾಗ ತಿಂಗಳು ದಾಟಬೇಕು. ನಲವತ್ತೆಂಟು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ ಅತ್ಯಾ. ಅವರ ಒಲಿ ಮ್ಯಾಲೆ ಬೇಯೂದೆಲ್ಲಾ ವ್ರತದ್ದು. ಬಾತಿನ ನುಚ್ಚು ಬೇಯೂದೂ ಅದೇ ಒಲಿ ಮ್ಯಾಲೆ. ಅವರ ಕೈ ತಪ್ಪಲ ಮುಟ್ಟೂಹಂಗಿಲ್ಲ, ಹೆಚ್ಚೂಹಂಗಿಲ್ಲ, ಹಾಕೂಹಂಗಿಲ್ಲ.

ಏಕಾದಶಿ ಹಿಂದಿನ ದಿನ ನನ್ನ ಕರದ್ರು.

"ನಾಳಿಯಿಂದ ತಪ್ಪಲದ್ದು ನೀ ನೋಡಬೇಕು. ಮಳಿ ಹತ್ತೇದ, ಈಗ ತಪ್ಪಲ ಬಿಟ್ರ ಅವು ಉಳಿಯೂದಿಲ್ಲ. ಹೊರಗಿಂದ ಹೊರಗ ತಾ, ಹಿತ್ತಲ ಮೂಲ್ಯಾಗ ಹೆಚ್ಚಿ ಹಾಕು. ನನ್ನ ಕಣ್ಣಿಗೆ ಬೀಳಬಾರದು."

"ಆತ್ರೀ."

"ಹಾಕಿದೆ ಅಂತ ಬಂದು ಹೇಳಲೂ ಬ್ಯಾಡ. ನಾ ಕೇಳೂದಿಲ್ಲ. ಕೇಳಿದ್ರ ನಾ ಹಾಕಿಸಿದಂಗ ಆಗ್ತದ."

ನಾ ಹೂಂ ಅಂದೆ. ಇಪ್ಪತ್ತು ದಿನ ಚಂದಂಗ ಮಾಡಿದೆ, ಸುಳ್ಳ್ಯಾಕ. ಎದುರು ಮನಿ ಬಡಗ್ಯಾರ ಅಂಗಳದಾಗ ನುಗ್ಗಿ ಗಿಡ ಇತ್ತು. ಒದ್ದಿ ಸೀರ್‍ಯಾಗ ಟೊಂಗಿ ಜಗ್ಗಿ, ಹೆಚ್ಚಿ, ಹಾಕಿ ಬರ್ತಿದ್ದೆ. ಅತ್ಯಾ ತಾವು ಬೇಯಿಸೂ ಬಾತಿನ ನುಚ್ಚಿನಾಗ ಮೆಣಸು ಜೀರಿಗಿ ಕುಟ್ಟಿ ಹಾಕ್ತಿದ್ರು, ವ್ರತಕ್ಕ ನಡೀತಾವ ಅಂತ. ನಾವಿಬ್ಬರೂ ಒಬ್ಬರ ಕೆಲಸಾ ಒಬ್ಬರು ನೋಡಲಾರದಂಗ ನೋಡ್ತಿದ್ವಿ.

ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಅಂದ್ರ ಹೆಣ್ಣುಮಕ್ಕಳ ಹಬ್ಬ. ಅಣ್ಣ ಬಂದು ಕರಕೊಂಡು ಹೋಗಬೇಕು, ತವರಮನ್ಯಾಗ ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ನಂದು ಮದಿವಿ ಆದ ಮ್ಯಾಲೆ ಮೊದಲನೇ ಪಂಚಮಿ. ತಿಂಗಳ ಮೊದಲಿನಿಂದ ಬಸ್ಸಿನ ಸಪ್ಪಳ ಕೇಳಿದ್ರ ಬಾಗಲಕ್ಕ ಓಡ್ತಿದ್ದೆ. ಅಣ್ಣ ಬಂದ. ನಮ್ಮನಿಯವರು ದನಕ್ಕ ಗಂಟಲಬ್ಯಾನಿ ಸೂಜಿ ಹಾಕ್ಲಿಕ್ಕೆ ಹಳ್ಳಿ ಹಳ್ಳಿ ತಿರುಗ್ಲಿಕ್ಕೆ ಹತ್ತಿದ್ರು, ಮನ್ಯಾಗ ಇರಲಿಲ್ಲ. ನಾ ಸೀರಿ ಮಡಚಿ ಚೀಲದಾಗ ಇಡ್ಲಿಕ್ಕೆ ಹತ್ತಿದ್ದೆ. ಅತ್ಯಾ ಬಾಗಲದಾಗ ಬಂದು ನಿಂತ್ರು.

"ಈ ವರ್ಷ ಹೋಗಲೇಬೇಕೇನು?"

ಅಷ್ಟೇ ಅಂದ್ರು. ಬಾತಿನ ಮಾತು ಎತ್ತಲಿಲ್ಲ, ಎತ್ತೂಹಂಗೂ ಇರಲಿಲ್ಲ. ಅವರ ಕಣ್ಣಾಗ ಏನಿತ್ತು ಅಂತ ನನಗ ಗೊತ್ತಾಗಲಿಲ್ಲ ಅಂದ್ರ ಸುಳ್ಳು. ಗೊತ್ತಾತು. ಗೊತ್ತಾದ್ದಕ್ಕೇ ಸಿಟ್ಟು ಬಂತು. ನನ್ನ ಹಬ್ಬಕ್ಕಿಂತ ನಿಮ್ಮ ಬಾತು ಹೆಚ್ಚಾದೂವು ಏನು ಅನಿಸ್ತು.

"ಹುಟ್ಟಿದ ಮನ್ಯಾಗೇ ಕೂತು ಮುದುಕ್ಯಾದವರಿಗೆ ತವರಮನಿ ರುಚಿ ಏನು ಗೊತ್ತಿರ್ತದ!"

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಪಡಸಾಲ್ಯಾಗ ಕೂತಿದ್ದ ಅಣ್ಣನ ಕೈಯಾಗಿನ ನೀರಿನ ತಂಬಗಿ ಅಲ್ಲೇ ನಿಂತಿತು. ಅತ್ಯಾ ದೇವರ ಮನಿಗೆ ಹೋದ್ರು. ಉಡಿ ತುಂಬೂ ಹಕ್ಕು ಅವರಿಗಿರಲಿಲ್ಲ, ಅದಕ್ಕ ಅಕ್ಕಿ, ಉತ್ತತ್ತಿ, ಕುಬಸದ ಖಣಾ ಒಂದು ತಾಟಿನಾಗ ಇಟ್ಟು, ದೂರಿಂದ ಸರಿಸಿದ್ರು. ನಾ ಎತ್ತಿಕೊಂಡು ಹೊಂಟೆ.

ಬಡಗ್ಯಾರ ಮನಿ ಮುಂದೇ ಹಾದು ಹೋದೆ. ಬಡಗ್ಯಾರ ಹೆಣ್ಣುಮಗಳು ಬಾಗಲದಾಗೇ ಕೂತಿದ್ಲು. "ಅವ್ವಾ, ನಾಕು ದಿನ ಬಾತಿಗೆ ಜರಾ ತಪ್ಪಲ ಹಾಕು" ಅನ್ನೂದಕ್ಕ ಎಷ್ಟು ಹೊತ್ತು ಬೇಕು? ಒಂದು ಎಲಿ ಮಡಚೂ ಅಷ್ಟು ಹೊತ್ತು. ಬಾಯಿಗೆ ಬಂದದ್ದನ್ನ ನುಂಗಿದೆ. ಅತ್ಯಾನ ವ್ರತ ದೊಡ್ಡದೋ, ಅತ್ಯಾನ ಬಾತು ದೊಡ್ಡೂವೋ, ನೋಡೇ ಬಿಡೋಣು ಅಂದ್ಕೊಂಡೆ. ತಾವೇ ಹಾಕ್ತಾರ, ಹಾಕಲಾರದ ಎಲ್ಲಿ ಹೋಗ್ತಾರ, ಮಡಿ ಮಡಿ ಅಂತ ಎಷ್ಟು ಹಾರ್‍ಯಾಡ್ತಾರ ನೋಡ್ತೇನಿ. ಇದು ನಾ ಅವತ್ತು ಮನಸಿನ್ಯಾಗ ಅಂದ ಮಾತು. ಒಂದಕ್ಷರ ಬದಲು ಮಾಡಿಲ್ಲ.

ಸಾಲೋಟಗ್ಯಾಗ ಜೋಕಾಲಿ ಜೀಕಿದೆ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಅಳ್ಳು. ನಾಕು ದಿನಕ್ಕ ಅಂತ ಹೋದಾಕಿ ಒಂಬತ್ತು ದಿನ ಇದ್ದೆ. ಬಾತು ನೆನಪಾಗಲಿಲ್ಲ. ಒಂದು ಸಲ ಆಗಿತ್ತು, ಜೋಕಾಲಿ ಮ್ಯಾಲಿದ್ದಾಗ. ಜೋರ ಜೀಕಿದೆ, ಹೋತು.

ಹೊಳ್ಳಿ ಬಂದಾಗ ವ್ರತದ ತಿಂಗಳು ಮುಗದಿತ್ತು. ಹೊಸ ಬಳಿ ಗಲಗಲ ಅನಿಸ್ಕೋತ ಹಿತ್ತಲಕ್ಕ ಹೋದೆ. ಸಪ್ಪಳ ಇಲ್ಲ. ಗೂಡಿನಾಗ ಎರಡು ಇದ್ದೂವು, ಕಣ್ಣು ಮುಚ್ಚಿ. ಸುತ್ತ ನೆಲ ಎಲ್ಲಾ ಬೆಳ್ಳಗ ನೀರು ನೀರು. ಐದು ಆಗಲೇ ಹೋಗಿದ್ದೂವು. ನಮ್ಮನಿಯವರು ಕುಣಿ ತೋಡಿ ಮುಚ್ಚಿದ್ರಂತ. ದವಾಖಾನಿ ಪುಡಿ ತಂದು ಹಾಕಿದ್ರಂತ, ನಾಟಲಿಲ್ಲ. ಅತ್ಯಾ ಒಂದನ್ನ ತೊಡಿ ಮ್ಯಾಲೆ ಇಟ್ಕೊಂಡು ಕೂತಿದ್ರು. ಮಡಿ ಇಲ್ಲ, ಏನಿಲ್ಲ. ಸಂಪೂರ್ಣ ಮೈಲಿಗಿ ಆಗಿ ಕೂತಿದ್ರು.

ಅವರು ಕೇಳಲಿಲ್ಲ. ವ್ರತ ಮುಗದಿತ್ತು, ಕೇಳಬಹುದಿತ್ತು, ಆದ್ರೂ ಕೇಳಲಿಲ್ಲ. ಕೇಳಲಾರದ ಮಾತಿಗೆ ನಾ ಉತ್ತರಾ ಕೊಟ್ಟೆ.

"ನಾ ಬಡಗ್ಯಾರ ಅಕಿಗೆ ಹೇಳಿ ಹೋಗಿದ್ನಿರಿ ಅತ್ಯಾ. ದಿನಾ ತಪ್ಪಲ ಹಾಕೇಳಂತ."

ಅತ್ಯಾ ತಲಿ ಎತ್ತಿ ನನ್ನ ನೋಡಿದ್ರು. ಭಾಳ ಹೊತ್ತು. ಆಮ್ಯಾಲೆ ಅಂದ್ರು: "ಹಂಗಾರ ತಪ್ಪಲದ್ದು ತಪ್ಪಿಲ್ಲ. ವ್ರತಕ್ಕ ನಾ ಕಳ್ಳದಾರಿ ಹುಡಿಕಿದೆ, ಅದಕ್ಕ ದೇವರು ಕೈಗುಣಾ ಕಸಗೊಂಡ."

ಎದುರು ಮನಿ ಇಪ್ಪತ್ತು ಹೆಜ್ಜಿ. ಹೋಗಿ ಒಂದು ಮಾತು ಕೇಳಿದ್ರ ನನ್ನ ಬಣ್ಣ ಬಯಲಾಗ್ತಿತ್ತು. ನಾಕು ದಿನ ಕಾದೆ. ಅವರು ಹೋಗಲಿಲ್ಲ. ಉಳದ ಎರಡೂ ಆ ನಾಕು ದಿನದಾಗೇ ಹೋದೂವು.

ಮುಂದಿನ ಸಂತಿಗೆ ಅಂಬಿಗರಾಕಿ ಬಂದ್ಲು. ತಲಿ ಮ್ಯಾಲಿನ ಬುಟ್ಟಿ ಇಳಿಸಿ ಅರಿವಿ ಸರಿಸಿದ್ಲು. ಹಳದಿ ಹತ್ತಿ ಉಂಡಿ ಹಂಗ ಐದು ಮರಿ, ಚೀಂವ್ ಚೀಂವ್ ಅಂತ ಒಂದರ ಮ್ಯಾಲೆ ಒಂದು ಬಿದ್ದಾಡ್ತಿದ್ದೂವು. "ಹತ್ತು ಹೊರಗ ಬಂದಾವ್ರಿ ದೊಡ್ಡ ಬಾಯಾರ! ಇವು ನಿಮ್ಮೂವು. ಏನು ಚುರುಕ ಅದಾವು ನೋಡ್ರಿ!"

ಗ್ವಾಡಿ ಮ್ಯಾಲಿನ ಇದ್ದಲ ಗೆರಿ ಇಪ್ಪತ್ತಾರಕ್ಕೇ ನಿಂತು ಹೋಗಿದ್ದೂವು. ಅತ್ಯಾ ಬಾಗಲ ಒಳಗಿಂದಲೇ ನೋಡಿದ್ರು. ಎರಡೂ ಕೈ ಸೆರಗಿನಾಗ ಮುಚ್ಚಿಕೊಂಡ್ರು.

"ನೀನೇ ಒಯ್ಯವಾ. ನನ್ನ ಕೈ ಶುದ್ಧ ಉಳದಿಲ್ಲ."

"ಅಯ್ಯ, ಹಂಗ್ಯಾಕ ಅಂತೀರಿ? ನೀವು ಹೇಳಿದ ತಪ್ಪಲಾ ಹಾಕೇ ನಮ್ಮೂವೂ ಎದ್ದಾವಲ್ರಿ..."

"ಹಾಕು, ಹಾಕು. ಬಿಡಬ್ಯಾಡ. ಒಂದು ದಿನಾನೂ ಬಿಡಬ್ಯಾಡ" ಅಂದು ಒಳಗ ಹೋದ್ರು.

ಅಕಿ ನನ್ನ ಮಾರಿ ನೋಡಿದ್ಲು. ನಾ ನೆಲಾ ನೋಡಿದೆ. ತಂಗಡಗ್ಯಾಗ ಆ ಹತ್ತೂ ಬೆಳೆದು ನಲವತ್ತು ಆದೂವಂತ. ಹೊಳ್ಯಾಗ ಇಳದ್ರ ನೀರು ಕಾಣಸ್ತಿದ್ದಿಲ್ಲ ಅಂತಿದ್ರು ನಮ್ಮನಿಯವರು. ನೋಡಿ ಬರೋಣು ಬರ್ರಿ ಅಂದ್ರ ಅತ್ಯಾ ಒಂದಿನಾನೂ ಏಳಲಿಲ್ಲ.

ಅವತ್ತಿನಿಂದ ಹಿತ್ತಲ ಬಾಗಲಕ್ಕ ಕೂಸು ತಗೊಂಡು ಬಂದವರನ್ನ ಹೊಳ್ಳಿ ಕಳಿಸ್ಲಿಕ್ಕೆ ಹತ್ತಿದ್ರು. "ದವಾಖಾನಿಗೆ ಒಯ್ಯಿರಿ." ನಾಕು ಸಲ ಬಂದ್ರು, ಐದನೇ ಸಲ ಬರೂದು ಬಿಟ್ರು. ಓಣಿಗೆ ಈಗ ಅತ್ಯಾನ ಮಾರಿ ಒಂದೇ ಉಳೀತು.

ಎರಡು ವರ್ಷಕ್ಕ ಬಸವನ ಬಾಗೇವಾಡಿಗೆ ವರ್ಗ ಆತು. ಅಲ್ಲೇ ನನ್ನ ಮೊದಲನೇ ಮಗಳು ಹುಟ್ಟಿದ್ಲು. ಎಂಟು ತಿಂಗಳಿದ್ದಾಗ ಕೆಮ್ಮು ಹತ್ತಿ ಉಸಿರು ಎಳೀಲಿಕ್ಕೆ ಹತ್ತಿದ್ಲು. ನಮ್ಮನಿಯವರು ಡಾಕ್ಟರ್ ಕರೀಲಿಕ್ಕೆ ಓಡಿದ್ರು. ನಾ ಕೂಸಿನ್ನ ಅತ್ಯಾನ ಮುಂದ ಹಿಡದೆ.

"ಅತ್ಯಾ, ಕಾಲಿಗೆ ಬೀಳ್ತೇನ್ರಿ, ಒಂದು ಬಟ್ಟು ಬಜಿ ತೇಯ್ದು ಹಾಕ್ರಿ. ಎದಿ ಮ್ಯಾಲೆ ಒಂದು ಸಲ ಕೈಯರ ಇಡ್ರಿ."

ಅವರು ಗ್ವಾಡಿಗೆ ಹತ್ತಿ ನಿಂತ್ರು. ಕಣ್ಣಾಗ ನೀರು ಸುರೀ ಸುರೀ. "ಬ್ಯಾಡವಾ, ಬ್ಯಾಡ. ಬಾತಿನಂಗ ಆದ್ರ? ನಾ ಮುಟ್ಟೂದಿಲ್ಲ." ಅಷ್ಟು ಆಸಿಂದ ಕಾದಿದ್ದ ಕೂಸು, ಅಷ್ಟು ಹತ್ರ. ಕೈ ಮುಂದ ಬರ್ತಿತ್ತು, ಹಿಂದ ಹೋಗ್ತಿತ್ತು. ಡಾಕ್ಟರ್ ಬಂದ್ರು, ಕೂಸು ಉಳೀತು, ದೇವರು ದೊಡ್ಡಾಂವ. ಆದ್ರ ಅವತ್ತು ಹೇಳಬೇಕಿತ್ತು ನಾ. 'ಸುಳ್ಳು ಹೇಳೇನಿ, ತಪ್ಪಲ ಹಾಕಿದ್ದಿಲ್ಲ, ನಿಮ್ಮ ಕೈ ಚಲೋ ಅದ' ಅನ್ನಬೇಕಿತ್ತು. ಕೂಸಿನ ಉಸಿರು ನೋಡ್ಕೋತ ಕೂತೆ, ಹೇಳಲಿಲ್ಲ. ಹೇಳಿದ್ರ ನನ್ನ ಮಾರಿ ಇವರು ಮತ್ತ ನೋಡೂದಿಲ್ಲ ಅನ್ನೂ ಅಂಜಿಕಿ.

ಅಲ್ಲಿಂದ ಸಿಂದಗಿ. ಸಿಂದಗಿ ಮನ್ಯಾಗ ಅತ್ಯಾ ಹಾಸಿಗಿ ಹಿಡದ್ರು. ಎಪ್ಪತ್ತರ ದಶಕ ಮುಗೀಲಿಕ್ಕೆ ಬಂದಿತ್ತು. ಆಷಾಢ, ಹೊರಗ ಜಿಟಿಜಿಟಿ ಮಳಿ, ಮತ್ತ ಅದೇ ಶಾಕವ್ರತದ ತಿಂಗಳು. ಡಾಕ್ಟರ್ ತಪ್ಪಲ ಪಲ್ಲೆ, ಹಣ್ಣು ಕೊಡ್ರಿ ಅಂದಿದ್ರು. ಬಾಯಿ ಬಿಗಿ ಹಿಡದು ಒಲ್ಲೆ ಅಂತಿದ್ರು. ಒಂದಿನ ಮಧ್ಯಾಹ್ನ ನಮ್ಮನಿಯವರು ದವಾಖಾನಿಗೆ ಹೋಗಿದ್ರು, ಮಗಳು ಮಲಗಿದ್ಲು. ಕಾಲು ಒತ್ತಿಕೋತ ಕೂತಿದ್ದೆ. ಇನ್ನ ಹೇಳಲಿಲ್ಲಂದ್ರ ಹೊತ್ತಿಲ್ಲ ಅನಿಸ್ತು.

"ಅತ್ಯಾ, ನಾ ಬಡಗ್ಯಾರ ಅಕಿಗೆ ಹೇಳಿದ್ದಿಲ್ರಿ. ಬಾತಿಗೆ ಯಾರೂ ತಪ್ಪಲ ಹಾಕಿದ್ದಿಲ್ಲ. ಸಿಟ್ಟಿಲೆ ಹೋಗಿದ್ದೆ. ನಿಮ್ಮ ಕೈಗುಣ ಎಲ್ಲೂ ಹೋಗಿಲ್ಲ. ತಪ್ಪು ನಂದು."

ಅತ್ಯಾ ಕಣ್ಣು ತೆರೀಲಿಲ್ಲ. "ಗೊತ್ತು" ಅಂದ್ರು.

"ಏನು?"

"ಮೂರನೇ ದಿನಕ್ಕೇ ಗೊತ್ತಾತು. ಹಿಕ್ಕಿ ಬೆಳ್ಳಗಾಗಿತ್ತು." ಒಂದೊಂದು ಮಾತಿಗೆ ಉಸಿರು ತಗೋತಿದ್ರು. "ತಪ್ಪಲ ಬಿದ್ದಿಲ್ಲ ಅಂತ ಗೊತ್ತಾತು. ಬಾಗಲಕ್ಕ ಬಂದ್ರ ಬಡಗ್ಯಾರ ನುಗ್ಗಿ ಟೊಂಗಿ ಎದುರಿಗೇ ಕಾಣಸ್ತಿತ್ತು. ಕೈ ಚಾಚಲಿಲ್ಲ. ನಲವತ್ತೆಂಟು ವರ್ಷದ ವ್ರತ ಅಂದೆ. ದಿನಾ ಒಂದೊಂದು ಸತ್ತೂವು, ನಾ ನೋಡ್ಕೋತ ಕೂತೆ. ನೀ ಹಾಕೇಳಂತ ಅಂದಿ. ನಾನೂ ಹೌದಂದೆ. ಇಬ್ಬರದೂ ಮುಚ್ಚಿಹೋತು."

ನಾ ಬಾಯಿ ಮ್ಯಾಲೆ ಸೆರಗು ಒತ್ತಿಕೊಂಡೆ. ಇಷ್ಟು ವರ್ಷ ನಾ ಇವರಿಗೆ ಮೋಸ ಮಾಡೇನಿ ಅಂತ ಒಬ್ಬಾಕೀನೇ ಸುಟ್ಟುಕೊಂಡಿದ್ದೆ. ಅವರು ನನ್ನ ಸುಳ್ಳಿನ ಒಳಗೇ ಕೂತು ಬ್ಯಾರೆ ಸುಟ್ಟುಕೊಂಡಿದ್ರು. ಒಂದು ಮನಿ, ಒಂದು ಒಲಿ, ಒಂದು ಮಾತು ಆಡಲಿಲ್ಲ ನಾವು. ತಪ್ಪಲ ಹಾಕಿದ್ರೂ ಆ ರೋಗಕ್ಕ ಅವು ಉಳೀತಿದ್ದಿಲ್ಲ ಅಂತ ನಮ್ಮನಿಯವರು ಒಂದು ಸಲ ಅಂದಿದ್ರು. ಇದ್ದೀತು. ಆದ್ರ ಹಾಕಿ ಸತ್ತಿದ್ರ ಮಾತು ಬ್ಯಾರೆ.

ಮೂರನೇ ದಿನ ಬಿಸಲು ಬಿದ್ದಿತ್ತು. ಅತ್ಯಾ ನನ್ನ ಕರದು, "ನುಗ್ಗಿ ತಪ್ಪಲ ತಗೊಂಡು ಬಾ" ಅಂದ್ರು. ಊಟಕ್ಕೇನೋ, ಕಡೀಗೂ ಒಪ್ಪಿದ್ರಲ್ಲ ಅಂತ ಓಡಿ ಎರಡು ಟೊಂಗಿ ತಂದೆ. "ಎಬ್ಬಿಸಿ ಕೂಡಿಸು." ಗ್ವಾಡಿಗೆ ಆನಿಸಿ ಕೂಡಿಸಿದೆ. ಟೊಂಗಿ ತಮ್ಮ ಉಡ್ಯಾಗ ಎಳಕೊಂಡ್ರು. ಆ ಕೈ, ಬರೇ ಎಲುವು ಚರ್ಮ ಉಳದಿದ್ದ ಕೈ, ಒಂದೊಂದೇ ದಂಟಿನಿಂದ ತಪ್ಪಲ ಸೋಸ್ಲಿಕ್ಕೆ ಹತ್ತಿದೂವು. ಶಾಕವ್ರತದ ತಿಂಗಳ ನಡುವ. ನಾ ಬಿಡಿಸ್ತೇನಿ ಕೊಡ್ರಿ ಅಂದ್ರ ಕೈ ಸರಿಸಿದ್ರು. ಮಧ್ಯಾಹ್ನ ಪೂರಾ ಹಿಡೀತು. ದಂಟು ಬ್ಯಾರೆ, ತಪ್ಪಲ ಬ್ಯಾರೆ. ಆಮ್ಯಾಲೆ ಉಡಿ ಎರಡೂ ಕೈಲೆ ಎತ್ತಿ ನನ್ನ ಸೆರಗಿಗೆ ಸುರುವಿದ್ರು.

"ಹಾಕಿ ಬಾ."

"ಯಾರಿಗ್ರೀ ಅತ್ಯಾ?"

"ಹಿತ್ತಲದಾಗ ಅವ. ಹಸದಾವ. ಹೋಗು."

ಸಿಂದಗಿ ಮನಿ ಹಿತ್ತಲದಾಗ ಒಂದು ಕಲ್ಲು, ಒಂದು ಹಳೇ ಹಂಡೆ, ಬಚ್ಚಲ ನೀರು ಹರಿಯೂ ಕಾಲುವಿ. ಮತ್ತೇನೂ ಇರಲಿಲ್ಲ. ನಾ ಹೋಗಿ ನಿಂತೆ. ಸೆರಗು ಬಿಚ್ಚಿ ಆ ತಪ್ಪಲ ಪೂರಾ ಕಾಲುವಿ ದಂಡಿಗೆ ಹಾಕಿದೆ, ಸಣ್ಣಗ ಚೂರು ಮಾಡಿ ಹಾಕಿದೆ, ಒಂದು ಎಲಿ ಉಳಿಸಲಿಲ್ಲ. ಕೈ ತೊಳಕೊಂಡು ಒಳಗ ಬಂದೆ.

ಅತ್ಯಾ ಬಾಗಲದ ಕಡೆನೇ ನೋಡ್ಕೋತ ಕೂತಿದ್ರು.

"ಹಾಕಿದೇನು?"

ಅಷ್ಟು ವರ್ಷಕ್ಕ ಮೊದಲನೇ ಸಲ ಕೇಳಿದ್ರು.

"ಹಾಕಿದೆ, ಅತ್ಯಾ."

"ತಿಂದೂವೇನು?"

"ತಿಂದೂವು. ಏಳೂ ತಿಂದೂವು" ಅಂದೆ.